ಬಿಲ್ಜ್ ಪಂಪ್ ಪದೇ ಪದೇ ಓಡುತ್ತಿದೆಯೇ? ನೀರು ಎಲ್ಲಿಂದ ಎನ್ನುವ ಮೊದಲು ಯಾವಾಗ ಎಂದು ಕೇಳಿ

ದೋಷದ ಲಕ್ಷಣ: ಹಾಯಿದೋಣಿಯ ತಳಗುಂಡಿಯಲ್ಲಿ, ಅಂದರೆ ಬಿಲ್ಜ್‌ನಲ್ಲಿ, ನೀರು ಸೇರುತ್ತಿದೆ. ಪಂಪ್ ತಾನಾಗಿಯೇ ಓಡುತ್ತದೆ, ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಓಡುತ್ತದೆ. ನೆಲಹಲಗೆ ಎತ್ತಿ ನೋಡಿದರೆ ಎಲ್ಲೂ ಏನೂ ಒಡೆದಂತೆ ಕಾಣುವುದಿಲ್ಲ.

ದೋಣಿಯಲ್ಲೇ ಸಂಸಾರ ಹೂಡಿದವರಿಗೆ ಈ ಸದ್ದಿನಷ್ಟು ನಿದ್ದೆಗೆಡಿಸುವ ಸದ್ದು ಇನ್ನೊಂದಿಲ್ಲ. ಪಕ್ಕದಲ್ಲಿ ಮಕ್ಕಳು ಮಲಗಿರುತ್ತಾರೆ, ಕೆಳಗೆ ಪಂಪ್ ಗುರ್ ಎನ್ನುತ್ತದೆ, ತಲೆಯಲ್ಲಿ ನೂರು ಯೋಚನೆ. ಆ ಗಾಬರಿಯಲ್ಲಿ ಎಲ್ಲರೂ ಮಾಡುವುದು ಒಂದೇ ಕೆಲಸ: ಸ್ಪ್ಯಾನರ್ ಹಿಡಿದು ಬಿಚ್ಚಲು ಕೂರುವುದು. ನಾವೂ ಅದನ್ನೇ ಮಾಡಿದೆವು. ಎರಡು ದಿನ ತಪ್ಪು ಜಾಗದಲ್ಲಿ ದುಡಿದ ಮೇಲೆ ಸರಿಯಾದ ಉತ್ತರ ಸಿಕ್ಕಿದ್ದು ಹತ್ತು ವರ್ಷದ ಮಗಳ ನೋಟ್‌ಬುಕ್ಕಿನಲ್ಲಿ. ಆ ಕಥೆ ಮುಂದೆ ಬರುತ್ತದೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳಿವೆ.

ಮೊದಲ ಐದು ನಿಮಿಷ

ಮೊದಲು ತಿಳಿಯಬೇಕಾದದ್ದು ಇದು ತುರ್ತೋ ಅಲ್ಲವೋ ಎಂಬುದು. ಪಂಪ್ ಓಡಿದ ಮೇಲೆ ನೀರಿನ ಮಟ್ಟ ಇಳಿಯುತ್ತಿದೆಯೇ? ಇಳಿಯುತ್ತಿದ್ದರೆ ನಿಮಗೆ ಯೋಚಿಸಲು ಸಮಯವಿದೆ. ಇಳಿಯದಿದ್ದರೆ ಅಥವಾ ಏರುತ್ತಿದ್ದರೆ ಈ ಬರಹವನ್ನು ಪಕ್ಕಕ್ಕಿಡಿ. ಎಲ್ಲರಿಗೂ ಜೀವರಕ್ಷಕ ಕವಚ ತೊಡಿಸಿ, ಮಕ್ಕಳನ್ನು ಮೇಲೆ ಕೂರಿಸಿ, ದೋಣಿಯ ಮೈಯ ತೂತುಗಳನ್ನು ತೆರೆದು ಮುಚ್ಚುವ ಕವಾಟಗಳಾದ ಎಲ್ಲ ಸೀಕಾಕ್‌ಗಳನ್ನೂ ಒಂದೊಂದಾಗಿ ಮುಚ್ಚಿ, ಕೈಪಂಪ್ ಹಿಡಿಯಿರಿ, ರೇಡಿಯೊದಲ್ಲಿ ವಿಷಯ ತಿಳಿಸಿ. ಇಂಜಿನ್ ಓಡುತ್ತಿದ್ದರೆ ಅದಕ್ಕೆ ತಂಪುನೀರು ಕೊಡುವ ಸೀಕಾಕನ್ನು ಮುಚ್ಚುವ ಮೊದಲು ಇಂಜಿನ್ ನಿಲ್ಲಿಸಿ.

ಸಣ್ಣ ತೂತು ಎಂದು ಹಗುರವಾಗಿ ಕಾಣಬಾರದು. ನೀರ್ಮಟ್ಟದಿಂದ 60 ಸೆಂಟಿಮೀಟರ್ ಕೆಳಗೆ 25 ಮಿಲಿಮೀಟರ್ ಅಗಲದ ತೂತು ಬಿದ್ದರೆ ನಿಮಿಷಕ್ಕೆ 60 ಲೀಟರಿನಷ್ಟು ನೀರು ಒಳನುಗ್ಗುತ್ತದೆ. ಒಂದು ಹೋಸ್ ಕಳಚಿಕೊಂಡರೆ ಆಗುವುದು ಇಷ್ಟೇ. ಪಂಪಿನ ಪೆಟ್ಟಿಗೆಯ ಮೇಲೆ ಬರೆದಿರುವ ಸಾಮರ್ಥ್ಯವನ್ನು ನಂಬಿ ಕೂರಬೇಡಿ. ಅದು ನೀರನ್ನು ಎತ್ತರಕ್ಕೆ ತಳ್ಳದೆ, ಉದ್ದದ ಹೋಸ್ ಇಲ್ಲದೆ, ಪೂರ್ತಿ ವೋಲ್ಟೇಜಿನಲ್ಲಿ ಅಳೆದ ಲೆಕ್ಕ. ದೋಣಿಯಲ್ಲಿ ಅಳವಡಿಸಿದ ಮೇಲೆ ಅದರಲ್ಲಿ ಸಾಕಷ್ಟು ಪಾಲು ಕರಗಿಹೋಗುತ್ತದೆ. ಪ್ರತಿ ಸೀಕಾಕಿನ ಪಕ್ಕದಲ್ಲೂ ಅದರ ಅಳತೆಗೆ ಸರಿಯಾದ ಮರದ ಬಿರಡೆಯೊಂದನ್ನು ದಾರದಲ್ಲಿ ಕಟ್ಟಿಡಿ. ಯಾವ ಸೀಕಾಕ್ ಎಲ್ಲಿದೆ ಎಂಬ ನಕ್ಷೆಯನ್ನು ಮಕ್ಕಳಿಂದಲೇ ಬರೆಸಿ ಗೋಡೆಗೆ ಅಂಟಿಸಿ. ಕೈಯಾರೆ ಬರೆದದ್ದನ್ನು ಅವರು ಮರೆಯುವುದಿಲ್ಲ.

ಸೋರಿಕೆಯೇ ಇಲ್ಲದೆ ಓಡುವ ಪಂಪ್

ತುರ್ತಲ್ಲ ಎಂದು ಖಾತ್ರಿಯಾದ ಮೇಲೆ ಮಾಡಬೇಕಾದ ಮೊದಲ ಪರೀಕ್ಷೆಗೆ ಒಂದು ಕಡ್ಡಿ ಮತ್ತು ಗಡಿಯಾರ ಸಾಕು. ಸ್ವಯಂಚಾಲಿತ ಪಂಪನ್ನು ಆಫ್ ಮಾಡಿ. ನೀರಿನ ಮಟ್ಟಕ್ಕೆ ಕಡ್ಡಿಯ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿ, ಒಂದು ಗಂಟೆ ಕಾಯಿರಿ. ಈ ಒಂದು ಗಂಟೆ ಯಾರಾದರೂ ಎಚ್ಚರವಾಗಿರಬೇಕು. ಗಂಟೆ ಮುಗಿದ ಕೂಡಲೇ ಪಂಪನ್ನು ಮತ್ತೆ ಆನ್ ಮಾಡಲು ಮರೆಯಬಾರದು. ನಾವು ಅದಕ್ಕಾಗಿ ಅಲಾರಂ ಇಡುತ್ತೇವೆ.

ಮಟ್ಟ ಒಂದಿಷ್ಟೂ ಏರಿಲ್ಲ, ಆದರೂ ಪಂಪ್ ಆನ್ ಮಾಡಿದರೆ ಕೆಲವೇ ನಿಮಿಷಕ್ಕೊಮ್ಮೆ ಓಡುತ್ತದೆ ಎಂದಾದರೆ ದೋಣಿ ಸೋರುತ್ತಿಲ್ಲ. ಪಂಪ್ ನಿಂತಾಗ ಹೋಸಿನಲ್ಲಿ ಉಳಿದ ನೀರು ತಿರುಗಿ ಬಿಲ್ಜಿಗೇ ಇಳಿಯುತ್ತಿದೆ. 25 ಮಿಲಿಮೀಟರ್ ಒಳ ಅಗಲದ 3 ಮೀಟರ್ ಹೋಸಿನಲ್ಲಿ ಒಂದೂವರೆ ಲೀಟರ್ ನೀರು ಹಿಡಿಸುತ್ತದೆ. ಬಿಲ್ಜ್ ಇಕ್ಕಟ್ಟಾಗಿದ್ದರೆ ನೀರೇರಿದಾಗ ತೇಲಿ ಎದ್ದು ಪಂಪ್ ಓಡಿಸುವ ಫ್ಲೋಟ್ ಸ್ವಿಚ್ಚನ್ನು ಮತ್ತೆ ಎತ್ತಲು ಅಷ್ಟೇ ಸಾಕು. ಅದೇ ಒಂದೂವರೆ ಲೀಟರನ್ನು ಪಂಪ್ ರಾತ್ರಿಯಿಡೀ ಮೇಲಕ್ಕೆ ಕಳಿಸುತ್ತದೆ, ಅದು ಕೆಳಗೆ ಬರುತ್ತದೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬಸವಳಿದಿರುತ್ತದೆ.

ಇದಕ್ಕೆ ಹೋಸಿನ ನಡುವೆ ಏಕಮುಖ ಕವಾಟ ಹಾಕುವ ಆಸೆ ಯಾರಿಗಾದರೂ ಆಗುತ್ತದೆ. ನನ್ನ ಮಟ್ಟಿಗೆ ಅದು ಬೇಡ. ಬಿಲ್ಜಿನ ಕೂದಲು, ನಾರು, ಜಿಡ್ಡು ಎಲ್ಲ ಹೋಗಿ ಸಿಕ್ಕಿಕೊಳ್ಳುವುದು ಆ ಕವಾಟದಲ್ಲೇ. ನಿಜವಾಗಿ ನೀರು ನುಗ್ಗಿದ ದಿನ ಅದು ತೆರೆದುಕೊಳ್ಳದಿದ್ದರೆ ಪಂಪ್ ಇದ್ದೂ ಇಲ್ಲದಂತೆ. ಹೋಸನ್ನು ಗಿಡ್ಡ ಮಾಡುವುದು, ಫ್ಲೋಟ್ ಸ್ವಿಚ್ಚನ್ನು ಒಂದೆರಡು ಸೆಂಟಿಮೀಟರ್ ಮೇಲಕ್ಕೆ ಸರಿಸುವುದು, ತಳದಲ್ಲಿ ಉಳಿಯುವ ಕೊನೆಯ ನೀರಿಗೆ ಸಣ್ಣ ಹೋಸಿನ ಸಣ್ಣ ಪಂಪೊಂದನ್ನು ಬೇರೆಯಾಗಿ ಇಡುವುದು ಇದಕ್ಕಿಂತ ಉತ್ತಮ.

ಗಂಟೆಯಲ್ಲಿ ಮಟ್ಟ ಏರಿದ್ದರೆ ಎಷ್ಟು ಎಂದು ಲೆಕ್ಕ ಹಾಕಿ. ಗುಂಡಿ 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದ ಇದ್ದರೆ, ಕಡ್ಡಿಯ ಮೇಲೆ ಒಂದು ಸೆಂಟಿಮೀಟರ್ ಎಂದರೆ 1.2 ಲೀಟರ್. ಈ ಅಂಕಿಯನ್ನು ಬರೆದಿಡಿ. ದುರಸ್ತಿ ಫಲಿಸಿತೇ ಎಂದು ಆಮೇಲೆ ಹೇಳುವುದು ಇದೇ.

ಉಪ್ಪೋ, ಸಿಹಿಯೋ

ಬಿಲ್ಜ್ ನೀರನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿ ನೋಡುವುದು ದೋಣಿಯವರ ಹಳೆಯ ರೂಢಿ. ದಯವಿಟ್ಟು ಅದನ್ನು ಬಿಡಿ, ಮಕ್ಕಳೆದುರು ಮಾಡಲೇಬೇಡಿ. ಅಲ್ಲಿ ಡೀಸೆಲ್ ಇರಬಹುದು, ಶೌಚದ ನೀರಿರಬಹುದು. ಎಲ್ಲಕ್ಕಿಂತ ಕೆಟ್ಟದ್ದು ಇಂಜಿನ್ನನ್ನು ತಂಪಾಗಿಡುವ ದ್ರವ, ಕೂಲಂಟ್. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನೀರಿಗೆ ಹಸಿರು, ಗುಲಾಬಿ, ನೀಲಿ ಬಣ್ಣವಿದ್ದು ಮುಟ್ಟಿದರೆ ಜಾರಿದಂತಿದ್ದರೆ ಇಂಜಿನ್ನಿನ ಕೂಲಂಟ್ ಟ್ಯಾಂಕ್ ನೋಡಿ. ಅಲ್ಲಿ ಮಟ್ಟ ಇಳಿದಿರುತ್ತದೆ.

ನಾಲಿಗೆಯ ಬದಲು ತಟ್ಟೆ ಬಳಸಿ. ಕಪ್ಪು ಅಥವಾ ಗಾಢ ಬಣ್ಣದ ತಟ್ಟೆಯ ಮೇಲೆ ಒಂದು ಚಮಚ ಬಿಲ್ಜ್ ನೀರು, ಪಕ್ಕದಲ್ಲಿ ಒಂದು ಚಮಚ ಸಮುದ್ರದ ನೀರು, ಇನ್ನೊಂದು ಕಡೆ ಕುಡಿಯುವ ಟ್ಯಾಂಕಿನ ನೀರು ಹಾಕಿ ಬಿಸಿಲಿಗಿಡಿ. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆರಿದ ಮೇಲೆ ಅದು ಬಿಳಿಯ ಹೆಕ್ಕಳಿಕೆಯಾಗಿ ತಟ್ಟೆಗೆ ಹಿಡಿದಿರುತ್ತದೆ. ಟ್ಯಾಂಕ್ ನೀರು ಆರಿದ ಜಾಗದಲ್ಲಿ ಮಸುಕಾದ ಒಂದು ಉಂಗುರ ಮಾತ್ರ. ನಮ್ಮ ಮಗ ಇದನ್ನು ಡೆಕ್ಕಿನ ಮೇಲೆ ಬೋರಲು ಮಲಗಿ, ಗಲ್ಲಕ್ಕೆ ಕೈಕೊಟ್ಟು, ಹನಿಯ ಅಂಚಿನಿಂದ ಉಪ್ಪಿನ ಸೂಜಿಗಳು ಒಳಕ್ಕೆ ಬೆಳೆಯುವುದನ್ನು ಕಣ್ಣು ಮಿಟುಕಿಸದೆ ನೋಡಿದ. ಆ ದಿನದ ವಿಜ್ಞಾನ ಪಾಠವನ್ನು ಅಲ್ಲಿಗೇ ಮುಗಿಸಿದೆವು. ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಈ ಕೆಲಸ ಕ್ಷಣದ್ದು.

ಒಂದು ಎಚ್ಚರಿಕೆ: ಬಿಲ್ಜಿನಲ್ಲಿ ಹಳೆಯ ಉಪ್ಪು ಹಿಡಿದಿದ್ದರೆ ಮೇಲಿನಿಂದ ಬಂದ ಮಳೆನೀರೂ ಉಪ್ಪಾಗಿ ಕಾಣುತ್ತದೆ. ಆದ್ದರಿಂದ ಪರೀಕ್ಷೆಗೆ ಮೊದಲು ಬಿಲ್ಜನ್ನು ಸಿಹಿನೀರಿನಲ್ಲಿ ತೊಳೆದು, ಸ್ಪಂಜಿನಿಂದ ಒತ್ತಿ ಒರೆಸಿ, ಪೂರ್ತಿ ಒಣಗಿಸಿ. ಒಣಗಿದ ಬಿಲ್ಜ್‌ನಲ್ಲಿ ಹರಿದು ಬರುವ ಮೊದಲ ಹನಿ ತನ್ನ ದಾರಿಯನ್ನು ತಾನೇ ತೋರಿಸುತ್ತದೆ. ಆ ದಾರಿ ಇನ್ನೂ ಸ್ಪಷ್ಟವಾಗಬೇಕಾದರೆ ಮಕ್ಕಳ ಆಟದ ಜೇಡಿಮಣ್ಣನ್ನು ಉದ್ದಕ್ಕೆ ಹೊಸೆದು ಬಿಲ್ಜಿಗೆ ಅಡ್ಡಲಾಗಿ ಎರಡು ಮೂರು ಕಡೆ ಬೆರಳೆತ್ತರದ ಒಡ್ಡು ಕಟ್ಟಿ. ಯಾವ ಒಡ್ಡಿನ ಹಿಂದೆ ನೀರು ನಿಂತಿತೋ ಸೋರಿಕೆ ಆ ಪಾಲಿನಲ್ಲಿದೆ. ಹುಡುಕಾಟ ಹತ್ತು ಮೀಟರಿನಿಂದ ಮೂರು ಮೀಟರಿಗೆ ಇಳಿಯಿತು.

ಪಂಪ್ ಪುಸ್ತಕ

ಈಗ ನಮ್ಮ ಕಥೆ. ಎರಡು ನಿಲ್ದಾಣಗಳ ನಡುವಿನ ಐದು ದಿನದ ಹಾದಿ. ಎರಡನೇ ದಿನದಿಂದ ಪಂಪ್ ಓಡತೊಡಗಿತು. ನೀರು ಉಪ್ಪು. ನನ್ನ ಗಂಡನಿಗೆ ಅನುಮಾನ ಹೋದದ್ದು ಪ್ರೊಪೆಲ್ಲರ್ ಶಾಫ್ಟಿನ ಗ್ಲ್ಯಾಂಡಿನ ಮೇಲೆ, ಅಂದರೆ ಶಾಫ್ಟ್ ದೋಣಿಯ ಮೈ ದಾಟುವಲ್ಲಿ ನೀರು ತಡೆಯುವ ಜೋಡಣೆಯ ಮೇಲೆ. ಅನುಮಾನ ತಪ್ಪಲ್ಲ, ಉಪ್ಪುನೀರಿನ ಸೋರಿಕೆಗಳಲ್ಲಿ ಮೊದಲು ನೆನಪಾಗುವ ಹೆಸರು ಅದೇ. ಅವರು ಓಲಾಡುವ ದೋಣಿಯಲ್ಲಿ, ಇಂಜಿನ್ನಿನ ಹಿಂದಿನ ಇರುಕಿನಲ್ಲಿ ತಲೆಕೆಳಗಾಗಿ ಮಲಗಿ ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತು ಬಿಗಿಮಾಡಿದರು. ಪಂಪ್ ನಿಲ್ಲಲಿಲ್ಲ. ಇನ್ನೂ ಕಾಲು ಸುತ್ತು. ನಿಲ್ಲಲಿಲ್ಲ. ಮರುದಿನ ಇಂಜಿನ್ ಹಾಕಿದಾಗ ಗ್ಲ್ಯಾಂಡ್ ಕೈಯಿಡಲಾರದಷ್ಟು ಬಿಸಿಯಾಗಿತ್ತು. ಇಲ್ಲದ ರೋಗಕ್ಕೆ ಕೊಟ್ಟ ಮದ್ದು ಹೊಸ ರೋಗ ತರುವುದರಲ್ಲಿತ್ತು.

ಇತ್ತ ಮಗಳು, ನಿದ್ದೆ ಬಾರದ ರಾತ್ರಿಗಳಲ್ಲಿ, ಪಂಪ್ ಓಡಿದಾಗಲೆಲ್ಲ ತನ್ನ ನೋಟ್‌ಬುಕ್ಕಿನಲ್ಲಿ ಸಮಯ ಬರೆದಿದ್ದಳು. ಹೆದರಿಕೆ ಹೋಗಲಿ ಎಂದು ನಾನೇ ಹೇಳಿದ್ದ ಕೆಲಸ ಅದು. ಅದರಿಂದ ಬೇರೇನೋ ಉಪಯೋಗವಾದೀತು ಎಂಬ ಯೋಚನೆ ನನಗಿರಲಿಲ್ಲ. ಪಂಪ್ ಓಡತೊಡಗಿದ ಮೂರನೇ ದಿನ ಬೆಳಿಗ್ಗೆ ಅವಳು ಬಂದು, "ಅಮ್ಮ, ನಾನು ಗೋಡೆ ಕಡೆಗೆ ಉರುಳುವ ದಿನ ಮಾತ್ರ ಪಂಪ್ ಓಡುತ್ತದೆ. ಈ ಕಡೆ ಬಟ್ಟೆಗೆ ಒರಗಿ ಮಲಗುವಾಗ ಓಡುವುದೇ ಇಲ್ಲ" ಎಂದಳು.

ಅವಳ ಹಾಸಿಗೆ ದೋಣಿಯ ಎಡಮಗ್ಗುಲಿನಲ್ಲಿದೆ. ಹೊರಗಡೆ ದೋಣಿಯ ಗೋಡೆ, ಒಳಗಡೆ ಬೀಳದಂತೆ ಕಟ್ಟಿದ ಬಟ್ಟೆಯ ತಡೆ. ಗೋಡೆಗೆ ಉರುಳುವುದೆಂದರೆ ದೋಣಿ ಎಡಕ್ಕೆ ವಾಲಿದೆ ಎಂದರ್ಥ, ಗಾಳಿ ಬಲಗಡೆಯಿಂದ ಬೀಸುತ್ತಿದೆ ಎಂದರ್ಥ. ಪುಸ್ತಕ ತೆರೆದು ನಮ್ಮ ಪ್ರಯಾಣದ ದಾಖಲೆಯ ಪಕ್ಕದಲ್ಲಿಟ್ಟು ನೋಡಿದೆವು. ಎಡಕ್ಕೆ ವಾಲಿದ ರಾತ್ರಿ 2:10, 2:16, 2:24, ಆಮೇಲೆ ಮುಕ್ಕಾಲು ಗಂಟೆ ಏನೂ ಇಲ್ಲ, ಮತ್ತೆ 3:09, 3:15. ಹಾಯಿಯ ಮಗ್ಗುಲು ಬದಲಿಸಿದ ಮೇಲೆ ಒಂಬತ್ತು ಗಂಟೆ ಖಾಲಿ ಪುಟ. ಶಾಫ್ಟಿನ ಗ್ಲ್ಯಾಂಡ್ ದೋಣಿಯ ನಡುಗೆರೆಯ ಮೇಲಿದೆ. ಅದಕ್ಕೆ ಎಡ ಬಲಗಳ ಭೇದವಿಲ್ಲ. ಎರಡು ದಿನದ ದುಡಿಮೆಯ ವಸ್ತು ಆ ಒಂದೇ ಪುಟದಿಂದ ನಿರಪರಾಧಿಯಾಯಿತು.

ಹಾಗಾಗಿ ನಾನು ಯಾರಿಗಾದರೂ ಹೇಳುವುದು ಇಷ್ಟೇ: ಸೋರಿಕೆಯ ಜಾಗ ಕಣ್ಣಿಗೆ ಕಾಣುವುದಿಲ್ಲ, ಸಮಯ ಕಿವಿಗೆ ಕೇಳಿಸುತ್ತದೆ. ಒಂದು ಪುಸ್ತಕವನ್ನು ಪಂಪಿನ ಸ್ವಿಚ್ಚಿನ ಬಳಿ ನೇತುಹಾಕಿ. ಪಂಪ್ ಓಡಿದಾಗ ಸಮಯ, ಎಷ್ಟು ಸೆಕೆಂಡ್ ಓಡಿತು, ಆಗ ಇಂಜಿನ್ ಹಾಕಿತ್ತೇ, ದೋಣಿ ಯಾವ ಕಡೆ ವಾಲಿತ್ತು, ಮಳೆ ಇತ್ತೇ, ಅಲೆ ಜೋರಿತ್ತೇ, ಯಾರು ಯಾವ ನಲ್ಲಿ ಬಳಸಿದರು ಎಂದು ಬರೆಯಿರಿ. ಮನೆಮಂದಿಯೆಲ್ಲ ಬರೆಯಬೇಕು, ಚಿಕ್ಕವರು ಮುಖ್ಯವಾಗಿ. ಅವರು ತಳಕ್ಕೆ ಹತ್ತಿರ ಮಲಗುತ್ತಾರೆ. ಯಾವ ಸದ್ದು ಹೊಸದು ಎಂದು ಅವರಿಗೆ ನಮಗಿಂತ ಬೇಗ ಗೊತ್ತಾಗುತ್ತದೆ. ಸಾಮಾನ್ಯವಾಗಿ ಒಂದು ಹಗಲು ಒಂದು ರಾತ್ರಿಯ ದಾಖಲೆ ಸಾಕು. ಮುಂದಿನದೆಲ್ಲ ಆ ಪುಸ್ತಕ ಏನು ಹೇಳುತ್ತದೆ ಎಂಬುದರ ಮೇಲೆ.

ದೋಣಿ ವಾಲಿದಾಗ ಮಾತ್ರ, ನೀರು ಉಪ್ಪು

ನಮ್ಮದು ಇದೇ. ಬಿಲ್ಜ್ ಪಂಪ್ ನೀರನ್ನು ಹೊರಚೆಲ್ಲುವ ತೂತು ನಮ್ಮ ದೋಣಿಯ ಎಡಮೈಯಲ್ಲಿದೆ. ಲಂಗರು ಹಾಕಿ ನಿಂತಾಗ ಅದು ನೀರ್ಮಟ್ಟದಿಂದ ಒಂದು ಗೇಣು ಮೇಲಿರುತ್ತದೆ. ಎಡಕ್ಕೆ ವಾಲಿದಾಗ ಮುಳುಗುತ್ತದೆ. ಪಂಪ್ ನಿಂತ ಕ್ಷಣ ಹೋಸಿನ ತುಂಬ ನೀರಿರುವುದರಿಂದ ಸೈಫನ್, ಅಂದರೆ ತುಂಬಿದ ಕೊಳವೆಯಲ್ಲಿ ನೀರು ಪಂಪಿಲ್ಲದೆ ತಾನಾಗಿ ಹರಿಯುವುದು, ಶುರುವಾಗಿ, ಸಮುದ್ರವೇ ಅದೇ ಹೋಸಿನಲ್ಲಿ ಒಳಕ್ಕೆ ಹರಿಯುತ್ತದೆ. ಅಲೆಯಲ್ಲಿ ದೋಣಿ ಒಮ್ಮೆ ಎದ್ದು ತೂತು ಗಾಳಿಗೆ ಬಂದರೆ ಸೈಫನ್ ಮುರಿಯುತ್ತದೆ. ಆರು ನಿಮಿಷ, ಎಂಟು ನಿಮಿಷ, ಆಮೇಲೆ ಮುಕ್ಕಾಲು ಗಂಟೆ ಮೌನ ಎಂಬ ಆ ವಿಚಿತ್ರ ಲೆಕ್ಕಕ್ಕೆ ಕಾರಣ ಇದು. ನೀರು ಹೊರಹಾಕಬೇಕಾದ ಪಂಪಿನ ದಾರಿಯಲ್ಲೇ ನೀರು ಬರುತ್ತಿತ್ತು.

ಇದನ್ನು ತಡೆಯಲು ಹೋಸನ್ನು ನೀರ್ಮಟ್ಟಕ್ಕಿಂತ ಸಾಕಷ್ಟು ಮೇಲೆ ಕಮಾನಿನಂತೆ ಒಯ್ದು, ಕಮಾನಿನ ನೆತ್ತಿಯಲ್ಲಿ ಗಾಳಿಯನ್ನು ಒಳಬಿಡುವ ಪುಟ್ಟ ಕವಾಟ ಕೂರಿಸಿರುತ್ತಾರೆ. ಪಂಪ್ ನಿಂತಾಗ ಅದು ಗಾಳಿ ಹೀರಿ ಸೈಫನ್ ಮುರಿಯಬೇಕು. ನಮ್ಮಲ್ಲೂ ಇತ್ತು. ಕವಾಟದ ಮುಚ್ಚಳ ತಿರುಗಿಸಿ ತೆಗೆದಾಗ ಒಳಗಿನ ರಬ್ಬರ್ ನಾಲಿಗೆ, ಕಿರುಬೆರಳಿನ ಉಗುರಿನಷ್ಟು ದೊಡ್ಡದು, ಬಿಳಿ ಉಪ್ಪಿನ ಹರಳುಗಳಲ್ಲಿ ಹೂತು ಕಲ್ಲಿನಂತೆ ಕೂತಿತ್ತು. ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು ಬಾಯಿಂದ ಊದಿ ನೋಡಿದೆವು. ಒಂದು ಕಡೆಯಿಂದ ಉಸಿರು ಹೋಗುತ್ತದೆ, ಇನ್ನೊಂದು ಕಡೆಯಿಂದ ಹೋಗುವುದಿಲ್ಲ: ಕವಾಟ ಸರಿಯಾಗಿದೆ ಎಂದರ್ಥ. ರಬ್ಬರ್ ಬಿರಿದಿದ್ದರೆ ಹೊಸದು ಹಾಕಿ. ಕಮಾನು ದೋಣಿಯ ಅಂಚಿಗೆ ಹತ್ತಿರವಿದ್ದರೆ ವಾಲಿದಾಗ ಅದರ ನೆತ್ತಿಯೂ ನೀರ್ಮಟ್ಟಕ್ಕೆ ಇಳಿಯುತ್ತದೆ ಎಂಬುದನ್ನು ನೆನಪಿಡಿ. ನಡುಗೆರೆಯ ಹತ್ತಿರ, ಆದಷ್ಟು ಎತ್ತರದಲ್ಲಿ ಇರುವುದು ಕ್ಷೇಮ.

ವಾಲಿದಾಗ ನೀರು ಬರುವ ಇನ್ನೊಂದು ದಾರಿ ಅಡುಗೆಮನೆಯ ಸಿಂಕ್. ಸಿಂಕ್ ಆ ಮಗ್ಗುಲಿನಲ್ಲಿದ್ದರೆ ಸಮುದ್ರ ಅದರ ಕೊಳವೆಯಲ್ಲಿ ಏರಿ, ತುಂಬಿ ಚೆಲ್ಲುತ್ತದೆ. ಸೀಕಾಕ್ ಮುಚ್ಚಿದರೆ ಮುಗಿಯಿತು. ಚುಕ್ಕಾಣಿಯ ಕಂಬ ದೋಣಿಯೊಳಗೆ ಬರುವ ಗ್ಲ್ಯಾಂಡನ್ನೂ ನೋಡಿ. ವೇಗವಾಗಿ ಸಾಗುವಾಗ ಹಿಂಭಾಗ ನೀರಿಗೆ ಕುಸಿಯುವುದರಿಂದ, ನಿಂತಾಗ ಒಣಗಿರುವ ಗ್ಲ್ಯಾಂಡ್ ಆಗ ಜಿನುಗಬಹುದು.

ಇಂಜಿನ್ ಹಾಕಿದಾಗ ಮಾತ್ರ, ನೀರು ಉಪ್ಪು

ಇಲ್ಲಿ ಶಾಫ್ಟ್ ಗ್ಲ್ಯಾಂಡಿನ ಸರದಿ. ಹಳೆಯ ಬಗೆಯ, ನಾರಿನ ಹುರಿ ತುಂಬಿದ ಗ್ಲ್ಯಾಂಡ್ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ತೊಟ್ಟಿಕ್ಕಲೇಬೇಕು. ಅದನ್ನು ತಂಪಾಗಿಡುವುದು ಆ ನೀರೇ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ನಿಮಿಷಕ್ಕೆ ಮೂರು ಹನಿ ಎಂದರೆ ಗಂಟೆಗೆ 9 ಮಿಲಿಲೀಟರ್, ಚಿಂತೆಗೆ ಕಾರಣವಿಲ್ಲ. ಸೆಕೆಂಡಿಗೊಂದು ಹನಿಯಾದರೆ ದಿನಕ್ಕೆ ನಾಲ್ಕು ಲೀಟರ್ ದಾಟುತ್ತದೆ, ಆಗ ಬಿಗಿಮಾಡಿ. ಒಮ್ಮೆಗೆ ಸ್ವಲ್ಪವೇ ಬಿಗಿಮಾಡಿ, ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ನಿಲ್ಲಿಸಿ, ಶಾಫ್ಟ್ ಪೂರ್ತಿ ನಿಂತ ಮೇಲೆ ಗ್ಲ್ಯಾಂಡ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ಸಡಿಲಿಸಿ. ತೊಟ್ಟಿಕ್ಕದ ಹೊಸ ಬಗೆಯ ಸೀಲ್ ಇದ್ದರೆ ಅದರ ರಬ್ಬರ್ ತೋಳನ್ನು ಟಾರ್ಚ್ ಹಿಡಿದು ಸುತ್ತಲೂ ಪರೀಕ್ಷಿಸಿ. ಬಿರುಕು ಕಂಡರೆ ಅದು ಮುಂದಿನ ಬಂದರಿನ ತನಕ ಕಾಯುವ ಕೆಲಸ ಎಂದು ತಿಳಿಯಬೇಡಿ, ಇಂಜಿನ್ ಬಳಕೆ ನಿಲ್ಲಿಸಿ.

ಇಂಜಿನ್ನಿಗೆ ಸಮುದ್ರದ ನೀರು ಎಳೆಯುವ ಪಂಪಿನ ಅಡಿಯಲ್ಲಿ ಒಂದು ಪುಟ್ಟ ರಂಧ್ರವಿರುತ್ತದೆ. ಒಳಗಿನ ನೀರಿನ ಸೀಲ್ ಸವೆದಾಗ ನೀರು ಆಯಿಲ್ ಕಡೆಗೆ ಹೋಗದೆ ಹೊರಬೀಳಲಿ ಎಂದೇ ಅದನ್ನು ಕೊರೆದಿರುತ್ತಾರೆ. ಅಲ್ಲಿಂದ ಹನಿ ಬೀಳುತ್ತಿದ್ದರೆ ರಂಧ್ರವನ್ನು ಎಂದೂ ಮುಚ್ಚಬೇಡಿ, ಸೀಲ್ ಬದಲಿಸಿ.

ಎಕ್ಸಾಸ್ಟ್ ಹೋಸ್ ಸೋರಿದರೂ ಇಂಜಿನ್ ಹಾಕಿದಾಗಲೇ ನೀರು ಬರುತ್ತದೆ. ಹೋಸಿನ ಜೋಡಣೆಯ ಬಳಿ ಕಪ್ಪು ಮಸಿ, ಕ್ಯಾಬಿನ್ನಿನಲ್ಲಿ ಹೊಗೆಯ ವಾಸನೆ ಇದರ ಗುರುತು. ನೀರು ಬರುವ ದಾರಿಯಲ್ಲಿ ಹೊಗೆಯೂ ಬರುತ್ತದೆ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮಕ್ಕಳು ಮಲಗುವ ಕೋಣೆ ಇಂಜಿನ್ನಿನ ಪಕ್ಕದಲ್ಲಿರುವ ದೋಣಿಗಳು ಬಹಳ. ಈ ಸೋರಿಕೆ ಕಂಡರೆ ಇಂಜಿನ್ ನಿಲ್ಲಿಸಿ, ಗಾಳಿಯಾಡಲು ಬಿಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ದೋಣಿಯಲ್ಲಿ ಸಂಸಾರ ಮಾಡಲೇಬಾರದು ಎಂಬುದು ನನ್ನ ಗಟ್ಟಿ ನಿಲುವು.

ನಿಂತಲ್ಲೇ, ಹಗಲು ರಾತ್ರಿ ಒಂದೇ ಸಮ, ನೀರು ಉಪ್ಪು

ದೋಣಿಯ ಮೈಯ ತೂತುಗಳನ್ನು ಒಂದೊಂದಾಗಿ ನೋಡಬೇಕು. ಪ್ರತಿ ಸೀಕಾಕನ್ನೂ ಅದರ ಹೋಸನ್ನೂ ಒಣ ಟಿಶ್ಯೂ ಕಾಗದದಿಂದ ಒರೆಸಿ. ಕಣ್ಣಿಗೆ ಕಾಣದ ಜಿನುಗು ಕಾಗದಕ್ಕೆ ಕಾಣುತ್ತದೆ. ಹೋಸ್ ಕ್ಲಿಪ್ಪಿನ ಕೆಳಮೈಯನ್ನು ಕೈಗನ್ನಡಿ ಹಿಡಿದು ನೋಡಿ, ತುಕ್ಕು ಹಿಡಿಯುವುದು ಕಾಣದ ಆ ಭಾಗದಲ್ಲೇ. ಹಿತ್ತಾಳೆಯ ಫಿಟ್ಟಿಂಗ್ ಹಳದಿ ಹೋಗಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರೊಳಗಿನ ಸತುವು ಸಮುದ್ರಕ್ಕೆ ಕರಗಿಹೋಗಿದೆ, ಉಳಿದಿರುವುದು ಬೆರಳಲ್ಲಿ ಪುಡಿಯಾಗುವ ತಾಮ್ರ. ಅದನ್ನು ನೀರಿನಲ್ಲಿರುವಾಗ ಅಲುಗಾಡಿಸಲು ಹೋಗಬೇಡಿ. ದೋಣಿಯನ್ನು ಮೇಲೆತ್ತಿಸಿಯೇ ಬದಲಿಸಬೇಕು.

ಶೌಚಾಲಯವನ್ನು ಮರೆಯುವವರು ಹೆಚ್ಚು. ಕೈಪಂಪಿನ ಶೌಚದ ಬಟ್ಟಲು ನೀರ್ಮಟ್ಟಕ್ಕಿಂತ ಕೆಳಗಿದ್ದು, ನೀರು ಒಳಬಿಡುವ ಲಿವರನ್ನು ಹಾಗೆಯೇ ಬಿಟ್ಟರೆ, ಸಮುದ್ರ ನಿಧಾನವಾಗಿ ಬಟ್ಟಲು ತುಂಬಿ ಹೊರಚೆಲ್ಲುತ್ತದೆ. ಆರು ವರ್ಷದ ಮಗುವಿಗೆ ಲಿವರ್ ಯಾವ ಕಡೆ ಇರಬೇಕೆಂದು ನೆನಪಿರುವುದಿಲ್ಲ, ನೆನಪಿರಬೇಕೆಂದು ಗದರುವುದೂ ನ್ಯಾಯವಲ್ಲ. ಲಿವರ್ ಇರಬೇಕಾದ ಕಡೆ ಗೋಡೆಗೆ ಹಸಿರು ಸ್ಟಿಕ್ಕರ್ ಅಂಟಿಸಿದೆವು, ರಾತ್ರಿ ಮಲಗುವ ಮುನ್ನ ದೊಡ್ಡವರೊಬ್ಬರು ಸೀಕಾಕ್ ಮುಚ್ಚುತ್ತೇವೆ. ಅಲ್ಲಿಯೂ ಸೈಫನ್ ಮುರಿಯುವ ಕಮಾನು, ಅದರ ನೆತ್ತಿಯಲ್ಲಿ ಅದೇ ಉಪ್ಪು ಕಟ್ಟುವ ಕವಾಟ ಇದೆ ಎಂಬುದನ್ನು ಗಮನಿಸಿ.

ತುಕ್ಕು ಬಣ್ಣದ ನೀರು ಕೀಲನ್ನು, ಅಂದರೆ ದೋಣಿಯ ಅಡಿಯ ಭಾರವಾದ ರೆಕ್ಕೆಯನ್ನು, ಹಿಡಿದಿರುವ ಬೋಲ್ಟುಗಳ ಸುತ್ತ ಜಿನುಗುತ್ತಿದ್ದರೆ, ಅದರಲ್ಲೂ ದೋಣಿ ಎಂದಾದರೂ ನೆಲ ತಾಗಿದ್ದರೆ, ಸ್ವಂತ ದುರಸ್ತಿಯ ಮಾತೇ ಬೇಡ. ದೋಣಿಯನ್ನು ಮೇಲೆತ್ತಿಸಿ ಬಲ್ಲವರಿಗೆ ತೋರಿಸಿ.

ನೀರು ಸಿಹಿಯಾದರೆ

ಮನಸ್ಸಿಗೆ ಸಮಾಧಾನ, ಏಕೆಂದರೆ ದೋಣಿ ಮುಳುಗುವುದಿಲ್ಲ. ಆದರೆ ಸಾಗರದ ನಡುವೆ ಕುಡಿಯುವ ನೀರು ಸೋರಿಹೋಗುವುದೂ ಸಣ್ಣ ಮಾತಲ್ಲ.

ಯಾವ ನಲ್ಲಿಯನ್ನೂ ತೆರೆಯದಿದ್ದರೂ, ನಲ್ಲಿಗಳಿಗೆ ಟ್ಯಾಂಕಿನ ನೀರು ತಳ್ಳುವ ಒತ್ತಡದ ಪಂಪ್ ಆಗಾಗ ಒಂದು ಕ್ಷಣ ಗುಟುಕು ಹಾಕಿದಂತೆ ಸದ್ದು ಮಾಡುತ್ತಿದ್ದರೆ, ಸೋರಿಕೆ ಬಹುತೇಕ ಆ ಪಂಪ್ ಮತ್ತು ನಲ್ಲಿಗಳ ನಡುವೆ. ರಾತ್ರಿ ಅದನ್ನು ಆಫ್ ಮಾಡಿ. ಬೆಳಿಗ್ಗೆ ಬಿಲ್ಜ್ ಒಣಗಿದ್ದರೆ ಅನುಮಾನ ನಿಜ. ಒದ್ದೆಯಾಗಿದ್ದರೆ ಟ್ಯಾಂಕನ್ನೇ ನೋಡಿ.

ಇಂಜಿನ್ ಹಾಕಿದ ದಿನ ಮಾತ್ರ ಅರ್ಧ ಲೀಟರಿನಷ್ಟು ಸಿಹಿನೀರು ಕಾಣಿಸುತ್ತದೆಯೇ? ಬಿಸಿನೀರಿನ ಹಂಡೆಯನ್ನು ಇಂಜಿನ್ನಿನ ಶಾಖದಿಂದ ಕಾಯಿಸುವ ವ್ಯವಸ್ಥೆ ಇದ್ದರೆ ಅದು ದೋಷವೇ ಅಲ್ಲದಿರಬಹುದು. 20 ಡಿಗ್ರಿಯಿಂದ 80 ಡಿಗ್ರಿಗೆ ಕಾದ ನೀರು ಶೇಕಡಾ 2.7ರಷ್ಟು ಹಿಗ್ಗುತ್ತದೆ. 20 ಲೀಟರಿನ ಹಂಡೆಯಲ್ಲಿ ಅದು ಅರ್ಧ ಲೀಟರಿಗೂ ತುಸು ಹೆಚ್ಚು. ಹಿಗ್ಗಿದ ನೀರಿಗೆ ಜಾಗವಿಲ್ಲದಾಗ ಸುರಕ್ಷಾ ಕವಾಟ ತೆರೆದು ಅದನ್ನು ಬಿಲ್ಜಿಗೆ ಬಿಡುತ್ತದೆ. ಕವಾಟವನ್ನು ಬಿಗಿದು ಮುಚ್ಚಿದರೆ ಹಂಡೆಯೇ ಸಿಡಿಯಬಹುದು. ಅದರ ಬಾಯಿಯಿಂದ ಒಂದು ಸಣ್ಣ ಕೊಳವೆಯನ್ನು ಡಬ್ಬಿಗೆ ಇಳಿಸಿ, ಆ ನೀರನ್ನು ಪಾತ್ರೆ ತೊಳೆಯಲು ಬಳಸಿ. ತಣ್ಣಗಿರುವಾಗಲೂ ತೊಟ್ಟಿಕ್ಕುತ್ತಿದ್ದರೆ ಮಾತ್ರ ಕವಾಟ ಕೆಟ್ಟಿದೆ.

ಮಳೆ ಬಂದ ಮರುದಿನ ಮಾತ್ರ ನೀರು ಕಾಣಿಸಿದರೆ ತಲೆ ಎತ್ತಿ ನೋಡಿ. ಹಾಯಿಕಂಬ ಡೆಕ್ಕನ್ನು ದಾಟಿ ಕೀಲಿನ ಮೇಲೆ ನಿಂತಿರುವ ದೋಣಿಗಳಲ್ಲಿ ಹಗ್ಗಗಳು ಹೊರಬರುವ ತೂತುಗಳಿಂದ ಮಳೆನೀರು ಕಂಬದೊಳಗೇ ಇಳಿದು ನೇರ ಬಿಲ್ಜಿಗೆ ಬರುತ್ತದೆ. ಅದನ್ನು ಪೂರ್ತಿ ತಡೆಯಲು ಆಗುವುದಿಲ್ಲ, ತಡೆಯಲು ಒದ್ದಾಡುವ ಅಗತ್ಯವೂ ಇಲ್ಲ. ಹಾಗಲ್ಲದಿದ್ದರೆ ಡೆಕ್ಕಿನ ಮುಚ್ಚಳಬಾಗಿಲಾದ ಹ್ಯಾಚಿನ ರಬ್ಬರ್, ಕಟಕಟೆಯ ಕಂಬಗಳ ಬುಡ, ಕಂಬ ಹಿಡಿದಿರುವ ತಂತಿಗಳನ್ನು ದೋಣಿಗೆ ಬಿಗಿದಿರುವ ಉಕ್ಕಿನ ಪಟ್ಟಿಗಳ ಬುಡ ಇವುಗಳನ್ನು ಹುಡುಕಿ. ಕೊನೆಯದನ್ನು ಮುಂದೂಡಬೇಡಿ. ಗಾಳಿಯಾಡದ ಒದ್ದೆಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೂಡ ಒಳಗೊಳಗೇ ಕೊರೆದುಹೋಗುತ್ತದೆ, ಕಂಬ ಉರುಳುವ ತನಕ ಹೊರಗೆ ಗೊತ್ತಾಗದೇ ಇರಬಹುದು. ಮೇಲಿನ ಸೋರಿಕೆಯ ನೀರು ಒಳಗೋಡೆಯ ಹಿಂದೆ ಮೀಟರುಗಟ್ಟಲೆ ಹರಿದು ಬೇರೆಲ್ಲೋ ತೊಟ್ಟಿಕ್ಕುವುದರಿಂದ, ಅನುಮಾನವಿರುವ ಜಾಗಗಳ ಒಳಮೈಗೆ ಸೀಮೆಸುಣ್ಣದ ಪುಡಿ ಒರೆಸಿ, ಒಬ್ಬರು ಮೇಲಿಂದ ಒಂದೊಂದೇ ಕಡೆ ನೀರು ಸುರಿಯುತ್ತ, ಇನ್ನೊಬ್ಬರು ಕೆಳಗೆ ಟಾರ್ಚ್ ಹಿಡಿದು ಕಾಯಬೇಕು. ತಗ್ಗಿನ ಜಾಗದಿಂದ ಆರಂಭಿಸಿ ಮೇಲಕ್ಕೆ ಹೋಗಿ. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಕಡೆಯೂ ಹರಿದು ಎಲ್ಲವೂ ಸೋರಿದಂತೆ ಕಾಣುತ್ತದೆ.

ಅಲೆಯ ತುಂತುರು ಡೆಕ್ಕಿಗೆ ಹೊಡೆಯುವಾಗ ಇದೇ ಬಿರುಕುಗಳಿಂದ ಉಪ್ಪುನೀರೂ ಬರುತ್ತದೆ. ಉಪ್ಪು ಕಂಡ ಮಾತ್ರಕ್ಕೆ ತೂತು ನೀರ್ಮಟ್ಟದ ಕೆಳಗೇ ಇದೆ ಎಂದು ತೀರ್ಮಾನಿಸಬಾರದು. ಪುಸ್ತಕದಲ್ಲಿ ಅಲೆಯ ಅಬ್ಬರವನ್ನೂ ಬರೆದಿಡುವುದು ಇದಕ್ಕಾಗಿ.

ಪಂಪನ್ನೇ ಕೊಲ್ಲುವ ವಸ್ತುಗಳು

ನೀರಿದ್ದರೂ ಪಂಪ್ ಓಡದಿದ್ದರೆ, ಅಥವಾ ಓಡಿದರೂ ನೀರು ಹೋಗದಿದ್ದರೆ, ಜಾಲರಿ ಬಿಚ್ಚಿ ನೋಡಿ. ನಮ್ಮಲ್ಲಿ ಸಿಕ್ಕಿದ್ದು ಉದ್ದ ಕೂದಲಿನ ಉಂಡೆ, ಪೆನ್ಸಿಲ್ ಹೆರೆದ ಸಿಪ್ಪೆ, ಡಬ್ಬಿಯಿಂದ ಕಳಚಿದ ಲೇಬಲ್, ಆಟಿಕೆಯ ಒಂದು ಕೆಂಪು ತುಂಡು. ಫ್ಲೋಟ್ ಸ್ವಿಚ್ಚಿನ ತಿರುಗಣೆಗೆ ಕೂದಲು ಸುತ್ತಿದರೆ ಅದು ಮೇಲೇಳುವುದಿಲ್ಲ, ಅಥವಾ ಎದ್ದದ್ದು ಇಳಿಯುವುದಿಲ್ಲ. ಈಗ ಡಬ್ಬಿಗಳ ಲೇಬಲ್ ಕಿತ್ತು, ಹೆಸರನ್ನು ಮಾರ್ಕರಿನಲ್ಲಿ ಬರೆದೇ ನೆಲದಡಿಗೆ ಇಡುತ್ತೇವೆ. ವಾರಕ್ಕೊಮ್ಮೆ ಒಂದು ಬಕೆಟ್ ನೀರನ್ನು ಬಿಲ್ಜಿಗೆ ಸುರಿದು ಪಂಪ್ ತಾನಾಗಿ ಓಡುವುದನ್ನೂ ತಾನಾಗಿ ನಿಲ್ಲುವುದನ್ನೂ ನೋಡುತ್ತೇವೆ. ಮಗನ ಪಾಲಿಗೆ ಬಂದ ಕೆಲಸ ಅದು, ಒಂದು ವಾರವೂ ತಪ್ಪಿಸಿಲ್ಲ.

ಬಿಲ್ಜ್ ನೀರಿನ ಮೇಲೆ ಡೀಸೆಲ್ಲಿನ ಬಣ್ಣದ ಪೊರೆ ಕಂಡರೆ ಪಂಪನ್ನು ಆಫ್ ಮಾಡಿ, ಎಣ್ಣೆ ಹೀರುವ ಹಾಳೆಗಳಿಂದ ಅದನ್ನು ತೆಗೆದ ಮೇಲೆಯೇ ನೀರನ್ನು ಹೊರಹಾಕಿ.

ದುರಸ್ತಿಯ ನಂತರ

ಪಂಪ್ ಪುಸ್ತಕವನ್ನು ದುರಸ್ತಿಯಾದ ದಿನವೇ ಮುಚ್ಚಬೇಡಿ. ಕನಿಷ್ಠ ಒಂದು ವಾರ, ದೋಣಿ ಎರಡೂ ಮಗ್ಗುಲಿಗೆ ವಾಲಿ ಸಾಗುವ ತನಕ ಬರೆಯುತ್ತಲೇ ಇರಿ. ಒಂದೇ ಸಮಯದಲ್ಲಿ ಎರಡು ಸೋರಿಕೆ ಇರುವುದು ಅಪರೂಪವಲ್ಲ, ದೊಡ್ಡದು ನಿಂತಾಗ ಸಣ್ಣದು ಕಾಣಿಸುತ್ತದೆ. ನಮ್ಮಲ್ಲೂ ಕವಾಟ ಸರಿಮಾಡಿದ ಮೇಲೆ ಇಂಜಿನ್ ಹಾಕಿದ ದಿನಗಳಲ್ಲಿ ಒಂದೊಂದು ಸಲ ಪಂಪ್ ಓಡುವುದು ಉಳಿದಿತ್ತು. ಗಂಡ ಬಿಗಿಮಾಡಿದ್ದ ಗ್ಲ್ಯಾಂಡ್ ನಟ್ಟನ್ನು ಸಡಿಲಿಸಿದಾಗ ತುಸು ಜಾಸ್ತಿಯೇ ಸಡಿಲಾಗಿತ್ತು. ನಿಮಿಷಕ್ಕೆ ಇಪ್ಪತ್ತು ಹನಿ ಎಂದು ಮಗಳು ಟಾರ್ಚ್ ಹಿಡಿದು ಎಣಿಸಿ ಹೇಳಿದಳು. ಅವರು ಸ್ಪ್ಯಾನರಿನಿಂದ ಕೂದಲೆಳೆಯಷ್ಟು ತಿರುಗಿಸಿದರು, ಅವಳು ಮತ್ತೆ ಎಣಿಸಿದಳು. ಮೂರಕ್ಕೆ ಬಂದಾಗ ಇಬ್ಬರೂ ಹೊರಗೆ ಬಂದರು. ಆ ಪುಟದ ಮುಂದಿನ ಆರು ದಿನಗಳ ಸಾಲಿನಲ್ಲಿ ಸೊನ್ನೆ ಎಂದಿದೆ, ಏಳನೆಯ ದಿನ ಒಂದು: "ಬಕೆಟ್ ನೀರು, ತಮ್ಮ ಸುರಿದದ್ದು."